ಅತ್ತಿಗೆ, ನಾನು ಮತ್ತು 'ಶರಪಂಜರ'

ಮೊನ್ನೆ ಗೋಣಿಕೊಪ್ಪಲಿಗೆ ಹೋಗೋಣವೆಂದು ಪೊನ್ನಂಪೇಟೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಕಾಲೇಜು ಹುಡುಗಿಯೊಬ್ಬಳು ಥಟ್ಟನೆ ಎದ್ದು, "ಕೂತ್ಕೊಳ್ಳಿ ಅಜ್ಜಿ" ಅಂದಳು. ಹತ್ತು ವರ್ಷದ ಹಿಂದೆ ಯಾರಾದರೂ ಹಾಗೆ ಅಂದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಮನೆಗೆ ಹೋಗಿ ಕನ್ನಡಿ ನೋಡಿಕೊಳ್ಳುತ್ತಿದ್ದೆ. ಈಗ ಹಾಗಿಲ್ಲ. "ದೇವರು ಒಳ್ಳೇದು ಮಾಡ್ಲಿ" ಅಂತ ಹೇಳಿ ಹಾಯಾಗಿ ಕೂತೆ!

ನನಗೀಗ ಎಪ್ಪತ್ತು ದಾಟಿದೆ. ಮಂಡಿ ನೋವುಂಟು, ಕಣ್ಣಿಗೆ ಆಪರೇಷನ್ ಆಗಿದೆ, ಹಲ್ಲಿನ ಸುದ್ದಿ ಕೇಳಲೇ ಬೇಡಿ. ಆದರೂ "ವಯಸ್ಸಾಗಿದ್ದರಿಂದ ನಿಮಗೆ ಆದ ಲಾಭವೇನು?" ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿದೆ. ಆ ಉತ್ತರಕ್ಕೊಂದು ಸಿನಿಮಾ ಕಥೆಯೂ ಇದೆ. ಅದಕ್ಕೇ ಈ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಮ್ಮದು ಪಿರಿಯಾಪಟ್ಟಣದ ಕಡೆಯಿಂದ ಬಂದು ಪೊನ್ನಂಪೇಟೆಯಲ್ಲಿ ನೆಲೆಯೂರಿದ ಮನೆ. ಅಪ್ಪನಿಗೆ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿ. ಮನೆಯ ಹಿಂದೆ ಒಂದಿಷ್ಟು ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ನಾಲ್ಕು ಕಿತ್ತಳೆ ಗಿಡ. ನನಗೊಬ್ಬನೇ ಅಣ್ಣ. ಅವನ ಮದುವೆಯಾದಾಗ ನನಗೆ ಹತ್ತೊಂಬತ್ತು. ಅತ್ತಿಗೆ ನನಗಿಂತ ಆರು ವರ್ಷ ದೊಡ್ಡವರು. ಮೈಸೂರಿನ ಹುಡುಗಿ, ಓದಿದವರು, ಸಿನಿಮಾ ಅಂದರೆ ಪ್ರಾಣ. ಬಂದ ಮೂರೇ ದಿನಕ್ಕೆ ನಾವಿಬ್ಬರೂ ಒಂದು ಪಾರ್ಟಿ. ಬಸ್ ನಿಲ್ದಾಣದ ಅಂಗಡಿಗೆ ಸಿನಿಮಾ ಪತ್ರಿಕೆ ಬಂದ ದಿನವೇ ತಂದು, ಅಮ್ಮನಿಗೆ ಕಾಣದ ಹಾಗೆ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು ಓದುತ್ತಿದ್ದೆವು.

1973ರಲ್ಲಿ ಅತ್ತಿಗೆ ತವರಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ತಿತಿಮತಿ, ಹುಣಸೂರು ದಾಟಿ ಮೈಸೂರು ಸೇರುವಷ್ಟರಲ್ಲಿ ಮೈಯೆಲ್ಲ ಧೂಳು. ಮರುದಿನವೇ ಇಬ್ಬರೂ 'ಶರಪಂಜರ' ನೋಡಿದೆವು.

ಆ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಸುಖವಾಗಿದ್ದ ಸಂಸಾರ, ಎರಡನೆಯ ಹೆರಿಗೆಯಾದ ಮೇಲೆ ಅವಳಿಗೆ ಬುದ್ಧಿ ಭ್ರಮಣೆಯಾಗುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರಿಗೆ, ನೆರೆಯವರಿಗೆ ಅವಳು ಇನ್ನೂ ಹುಚ್ಚಿಯೇ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡನ ಮನಸ್ಸೂ ಬೇರೆ ಕಡೆ ತಿರುಗಿರುತ್ತದೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ಪಾಲಾಗುತ್ತಾಳೆ.

ನಮ್ಮ ಕೊಡಗಿನ ಬೆಟ್ಟ, ಮಂಜು, ಕಿತ್ತಳೆ ತೋಟ ತೆರೆಯ ಮೇಲೆ ಬಂದಾಗ ನಾನು ಸೀಟಿನಲ್ಲೇ ಕುಣಿದಿದ್ದೆ. ಕಡೆಯ ರೀಲು ಬರುವ ಹೊತ್ತಿಗೆ ಇಬ್ಬರ ಸೆರಗೂ ಒದ್ದೆ. ಹೊರಗೆ ಬಂದು ಟಾಂಗಾ ಹತ್ತಿದ ಮೇಲೂ ನಾನು ಬಿಕ್ಕುತ್ತಿದ್ದೆ. "ಎಂಥ ಜನ ಅತ್ತಿಗೆ! ಗುಣ ಆದ ಹೆಂಗಸನ್ನ ಹೀಗಾ ನೋಡೋದು?" ಎಂದು ಕೇಳಿದ್ದೆ. ಈ ಮಾತು ನೆನಪಿಟ್ಟುಕೊಳ್ಳಿ, ಓದುಗರೇ. ಕೇಳಿದವಳು ನಾನು.

* * *

ಎರಡು ವರ್ಷ ಕಳೆಯಿತು. ಅತ್ತಿಗೆಗೆ ಎರಡನೆಯ ಹೆರಿಗೆಯಾಯಿತು, ಗಂಡು ಮಗು. ಐದನೆಯ ದಿನದಿಂದ ಅವರಿಗೆ ನಿದ್ದೆ ಬರಲಿಲ್ಲ. ರಾತ್ರಿಯೆಲ್ಲ ಕೂತು ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ಎಂಟನೆಯ ದಿನ, "ಇದು ನನ್ನ ಮಗು ಅಲ್ಲ, ಯಾರೋ ಬದಲಾಯಿಸಿದ್ದಾರೆ" ಅಂದರು. ಅಮ್ಮ "ಬಾಣಂತಿ ಸನ್ನಿ" ಅಂದಳು. ಮೊದಲು ಮಂತ್ರ, ತಾಯಿತ; ಆಮೇಲೆ ಮೈಸೂರಿನ ಡಾಕ್ಟರು; ಕಡೆಗೆ ಬೆಂಗಳೂರಿನ ಆಸ್ಪತ್ರೆ.

ಇವತ್ತು ಈ ಕಾಯಿಲೆಯ ವಿಚಾರ ಎಲ್ಲರಿಗೂ ತಿಳಿಯಬೇಕು. ಹೆರಿಗೆಯಾದ ಸಾವಿರ ತಾಯಂದಿರಲ್ಲಿ ಒಬ್ಬಿಬ್ಬರಿಗೆ ಇದು ಬರುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ಶುರುವಾಗುತ್ತದೆ. ದೆವ್ವವೂ ಅಲ್ಲ, ಮಾಟವೂ ಅಲ್ಲ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ. ತಾಯಿಯನ್ನೂ ಮಗುವನ್ನೂ ಬೇರೆ ಮಾಡದೆ ಒಟ್ಟಿಗೇ ಇರಿಸಿಕೊಂಡು ನೋಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಶುರುವಾಯಿತು. ನಮ್ಮ ಕಾಲದಲ್ಲಿ ನಮಗೆ ಇದಾವುದೂ ಗೊತ್ತಿರಲಿಲ್ಲ.

ಮೂರು ತಿಂಗಳ ನಂತರ ಅತ್ತಿಗೆ ವಾಪಸು ಬಂದರು. ಸಣ್ಣಗಾಗಿದ್ದರು, ಮಾತು ಕಡಿಮೆಯಾಗಿತ್ತು. ಅಷ್ಟು ಬಿಟ್ಟರೆ ಮೊದಲಿನ ಅತ್ತಿಗೆಯೇ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರು. ಅಮ್ಮ ಮಗುವನ್ನು ಒಳಗೆ ಕರೆದೊಯ್ದಳು.

ಅತ್ತಿಗೆಯ ಮೇಲೆ ಕಣ್ಣಿಡುವ ಕೆಲಸ ನನಗೆ ಬಂತು. ಅದನ್ನು ನಾನು ಶ್ರದ್ಧೆಯಿಂದಲೇ ಮಾಡಿದೆ! ಕತ್ತಿ, ಈಳಿಗೆಮಣೆ ಬಚ್ಚಿಟ್ಟೆ. ಬಾವಿಕಟ್ಟೆಗೆ ಹೋದರೆ ಹಿಂದೆಯೇ ಹೋದೆ. ಅವರು ಕಾಫಿ ಮಾಡಿ ಕೊಟ್ಟರೆ ಲೋಟವನ್ನು ಮೂಗಿನ ಹತ್ತಿರ ಹಿಡಿದು, ಒಮ್ಮೆ ಮೂಸಿ, ಆಮೇಲೆ ಕುಡಿಯುತ್ತಿದ್ದೆ. ಅವರು ನೋಡುತ್ತಿಲ್ಲ ಅಂದುಕೊಂಡಿದ್ದೆ.

ಮರುವರ್ಷ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದೆಂದಾಯಿತು. ಆವತ್ತು ಬೆಳಿಗ್ಗೆ ಉಪ್ಪಿಟ್ಟು, ಕೇಸರಿಬಾತು ಮಾಡಿದವರು ಅತ್ತಿಗೆಯೇ. ನನಗೆ ಜಡೆ ಹಾಕಿ, ತಮ್ಮ ಮುತ್ತಿನ ಓಲೆಯನ್ನು ಕಿವಿಗೆ ಸಿಕ್ಕಿಸಿದರು. ಹೊರಗೆ ಜೀಪು ನಿಂತ ಸದ್ದಾಯಿತು. ಅಮ್ಮ ನನ್ನ ಮುಖ ನೋಡಿದಳು. ನಾನು ಅತ್ತಿಗೆಗೆ, "ಹಿಂದಿನ ಕೋಣೇಲಿ ಸ್ವಲ್ಪ ಹೊತ್ತು ಇರಿ ಅತ್ತಿಗೆ" ಅಂದೆ. ಅವರು ಏನೂ ಕೇಳದೆ ಹೋದರು. ನಾನು ಹೊರಗಿನಿಂದ ಚಿಲಕ ಹಾಕಿದೆ.

"ಸೊಸೆ ಎಲ್ಲಿ, ಕಾಣಲಿಲ್ಲ?" ಎಂದು ಗಂಡಿನ ತಾಯಿ ಕೇಳಿದರು. "ತವರಿಗೆ ಹೋಗಿದ್ದಾಳೆ" ಅಂದಳು ಅಮ್ಮ. ನಡುಮನೆಗೂ ಆ ಕೋಣೆಗೂ ಮಧ್ಯೆ ಇದ್ದದ್ದು ಒಂದೇ ಹಲಗೆ ಗೋಡೆ.

ಮದುವೆ ನಿಶ್ಚಯವಾಯಿತು. ಅವರು ಹೊರಟ ಮೇಲೆ ಚಿಲಕ ತೆಗೆದೆ. ಅತ್ತಿಗೆ ಮಂಚದ ತುದಿಯಲ್ಲಿ ಕೂತಿದ್ದರು. "ಒಪ್ಪಿದ್ರಾ?" ಎಂದು ಕೇಳಿದರು. "ಹೂಂ" ಅಂದೆ. "ಒಳ್ಳೇದಾಯ್ತು" ಅಂದು ಪಾತ್ರೆ ತೊಳೆಯಲು ಹೋದರು.

ಅಷ್ಟೇ. ಆ ವಿಚಾರ ನಮ್ಮಿಬ್ಬರ ನಡುವೆ ಮತ್ತೆ ನಲವತ್ತು ವರ್ಷ ಬರಲಿಲ್ಲ.

* * *

ನಾನು ಮದುವೆಯಾಗಿ ಹೋದೆ. ಟೀಚರ್ ಕೆಲಸ ಸಿಕ್ಕಿತು, ಮಕ್ಕಳಾದವು, ಊರಿಂದೂರಿಗೆ ವರ್ಗವಾಯಿತು. ರಜೆಗೆ ಬಂದಾಗಲೆಲ್ಲ ಅತ್ತಿಗೆ ಪ್ರೀತಿಯಿಂದಲೇ ನೋಡಿಕೊಂಡರು. ಅವರಿಗೆ ಕಾಯಿಲೆ ಮತ್ತೆ ಬರಲೂ ಇಲ್ಲ. ಆದರೆ ನಾನು ಅವರ ಕಣ್ಣಿಗೆ ಕಣ್ಣಿಟ್ಟು ಮಾತಾಡಲಾರದವಳಾಗಿದ್ದೆ. ಟೀವಿಯಲ್ಲಿ 'ಶರಪಂಜರ' ಹಾಕಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಹೇಳಿಬಿಡಬೇಕೆಂದು ಎಷ್ಟೋ ಸಲ ಅನ್ನಿಸಿತ್ತು. ಮೂವತ್ತರಲ್ಲಿ ಗಂಡನ ಮನೆಯವರಿಗೆ ತಿಳಿದೀತೆಂಬ ಭಯ. ನಲವತ್ತರಲ್ಲಿ ಮಕ್ಕಳ ಮುಂದೆ ಮರ್ಯಾದೆಯ ಪ್ರಶ್ನೆ. ಐವತ್ತರಲ್ಲಿ ನಾನು ಹೆಡ್‌ಮಿಸ್! ತಪ್ಪು ಮಾಡಿದ ಮಕ್ಕಳನ್ನು ನಿಲ್ಲಿಸಿ "ಸಾರಿ ಕೇಳು" ಎನ್ನುವವಳು. ನಾನೇ ಕೇಳುವುದು ಹೇಗೆ?

ಆಗೊಮ್ಮೆ ಟೀವಿಯಲ್ಲಿ 'ನಾಗರಹಾವು' ಬಂತು. 1972ರ ಚಿತ್ರ. ಹುಡುಗಿಯಾಗಿದ್ದಾಗ ನೋಡಿದ್ದು ರಾಮಾಚಾರಿಯನ್ನು ಮಾತ್ರ. ವಿಷ್ಣುವರ್ಧನರ ಆ ಕಣ್ಣು, ಆ ಸಿಟ್ಟು! ಈ ಸಲ ನನ್ನ ದೃಷ್ಟಿ ಪೂರಾ ಚಾಮಯ್ಯ ಮೇಷ್ಟ್ರ ಮೇಲೆ. ಆ ಪಾತ್ರ ಮಾಡಿದ ಕೆ.ಎಸ್. ಅಶ್ವತ್ಥ್ 1925ರಲ್ಲಿ ಹುಟ್ಟಿದವರು. ಆಗ ಅವರಿಗೆ ನಲವತ್ತೇಳು, ನೋಡಿದರೆ ಅರವತ್ತು ಎನ್ನಬೇಕು. ಮೇಷ್ಟ್ರು ಕೆಟ್ಟವರಲ್ಲ, ರಾಮಾಚಾರಿಯನ್ನು ಮಗನಂತೆ ಪ್ರೀತಿಸುವವರು. ಆದರೂ ನಾಲ್ಕು ಜನಕ್ಕೆ ಹೆದರಿ ಹುಡುಗನ ಪ್ರೀತಿಗೆ ಅಡ್ಡ ನಿಂತರು. ಪ್ರೀತಿಯಿಂದಲೇ ತಪ್ಪು ಮಾಡಿದರು. ಇಪ್ಪತ್ತರಲ್ಲಿ ಇದು ನನಗೆ ಕಂಡಿರಲೇ ಇಲ್ಲ. ಸಿನಿಮಾ ಅದೇ, ನೋಡುವ ಕಣ್ಣು ಬೇರೆ. ಆವತ್ತು ನನ್ನ ಅಮ್ಮನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ನನ್ನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ.

2013ರಲ್ಲಿ ನಿವೃತ್ತಿಯಾದೆ. ಆಮೇಲೆ ನಮ್ಮೆಜಮಾನರು ಹೋದರು, ಅಣ್ಣನೂ ಹೋದ. ನನ್ನ ಮಕ್ಕಳು ಒಂದೊಂದು ದಿಕ್ಕಿನಲ್ಲಿದ್ದಾರೆ. ಅತ್ತಿಗೆಯೇ ಫೋನು ಮಾಡಿ, "ನೀನೊಬ್ಳೇ ಅಲ್ಲೇನು ಮಾಡ್ತೀ? ಇಲ್ಲಿ ಕೋಣೆ ಖಾಲಿ ಬಿದ್ದಿದೆ, ಬಾ" ಅಂದರು. ಬಂದೆ. ನನಗೆ ಕೊಟ್ಟ ಕೋಣೆ ಯಾವುದು ಗೊತ್ತೆ? ಹಿಂದಿನದೇ. ಬಾಗಿಲ ಹೊರಗೆ ಅದೇ ಹಳೆಯ ಚಿಲಕ ಇತ್ತು.

* * *

2020, ಲಾಕ್‌ಡೌನಿನ ವರ್ಷ. ಬೆಂಗಳೂರಿನಲ್ಲಿ ಓದುತ್ತಿದ್ದ ಅತ್ತಿಗೆಯ ಮೊಮ್ಮಗಳು ಇಲ್ಲಿಗೇ ಬಂದಿದ್ದಳು. ಕಕ್ಕಡ ತಿಂಗಳು. ಕೊಡಗಿನ ಆ ಮಳೆ ಕಂಡವರಿಗೇ ಗೊತ್ತು. ಆಗಸ್ಟ್ 3, ಕಕ್ಕಡ ಹದಿನೆಂಟು. ಆ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ತುಂಬಿರುತ್ತದೆಂಬ ನಂಬಿಕೆಯಿಂದ ಅದರ ಪಾಯಸ ಮಾಡುತ್ತಾರೆ. ಪಕ್ಕದ ಕೊಡವರ ಮನೆಯವರು ಕಡು ನೇರಳೆ ಬಣ್ಣದ ಆ ಪಾಯಸವನ್ನು ಒಂದು ಬಟ್ಟಲು ಕಳಿಸಿದ್ದರು. ಅದನ್ನು ತಿನ್ನುತ್ತಾ ಹುಡುಗಿ ಕಂಪ್ಯೂಟರಿನಲ್ಲಿ ಒಂದು ಹಳೆಯ ಸಿನಿಮಾ ಹಾಕಿದಳು. ನೋಡಿದರೆ 'ಶರಪಂಜರ'!

ನಾನು ಎದ್ದೆ. "ಕೂತ್ಕೋ" ಅಂದರು ಅತ್ತಿಗೆ.

ಕೂತೆ. ಮೂವರೂ ಕೊನೆಯವರೆಗೆ ನೋಡಿದೆವು. ಮಧ್ಯದಲ್ಲಿ ಹುಡುಗಿ, "ಅಜ್ಜಿ, ಅವಳಿಗೆ ಗುಣ ಆಗಿದೆಯಲ್ಲ? ಮತ್ಯಾಕೆ ಎಲ್ಲಾ ಹಾಗೆ ನೋಡ್ತಾರೆ?" ಎಂದು ಕೇಳಿದಳು. ಅವಳಿಗೆ ಮನೆಯ ಹಳೆಯ ಕಥೆ ಗೊತ್ತಿರಲಿಲ್ಲ. ಅತ್ತಿಗೆ ಪರದೆಯಿಂದ ಕಣ್ಣು ತೆಗೆಯದೆ, "ನಿನ್ನ ಚಿಕ್ಕಜ್ಜೀನ ಕೇಳು, ಟೀಚರ್ ಆಗಿದ್ದೋಳು" ಅಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ರಾತ್ರಿ ಕರೆಂಟು ಹೋಯಿತು. ಹುಡುಗಿ ಮಲಗಿದಳು. ನಾವಿಬ್ಬರೂ ಒಲೆಯ ಮುಂದೆ ಚಳಿ ಕಾಯಿಸುತ್ತಾ ಕೂತಿದ್ದೆವು. ಆಗ ನನಗೆ ಅರವತ್ತೇಳು, ಅವರಿಗೆ ಎಪ್ಪತ್ಮೂರು. ನನಗೆ ಅನ್ನಿಸಿತು: ಇನ್ನು ಯಾರ ಹೆದರಿಕೆ? ಗಂಡನ ಮನೆಯವರಿಲ್ಲ, ಅಮ್ಮನಿಲ್ಲ, ಅಣ್ಣನಿಲ್ಲ. ಅಂದು ಬೇಲಿಯಾಚೆ ಪಿಸುಗುಟ್ಟಿದ ಬಾಯಿಗಳೆಲ್ಲ ಮಣ್ಣು ಸೇರಿವೆ. ನಾನು ಮರ್ಯಾದೆ ಉಳಿಸಿಕೊಳ್ಳಬೇಕಾದದ್ದು ಯಾರ ಮುಂದೆ?

"ಅತ್ತಿಗೆ, ಆವತ್ತು ಚಿಲಕ ಹಾಕಿದ್ದು ನಾನು."

"ಗೊತ್ತು."

"ಅಮ್ಮ ಅಲ್ಲ, ನಾನು."

"ಗೊತ್ತು ಕಣೇ. ಅಮ್ಮನ ಬಳೆ ಸದ್ದು ಬೇರೆ, ನಿನ್ನ ಬಳೆ ಸದ್ದು ಬೇರೆ."

ಹೊರಗೆ ಮಳೆ ಸುರಿಯುತ್ತಲೇ ಇತ್ತು. "ಮತ್ತೆ ಯಾಕೆ ಒಂದು ದಿನವೂ ಕೇಳಲಿಲ್ಲ?" ಅಂದೆ.

"ಆಗ ಕೇಳಿದ್ರೆ ಇವಳಿಗಿನ್ನೂ ಹುಚ್ಚು ಬಿಟ್ಟಿಲ್ಲ ಅಂತಿದ್ರಿ. ಆಮೇಲೆ ಕೇಳೋಣ ಅಂದ್ರೆ ನಿನ್ನ ಸಂಸಾರ ಚೆನ್ನಾಗಿತ್ತು, ಕಲ್ಲು ಯಾಕೆ ಹಾಕ್ಲಿ? ಮರೆತೆ ಅಂದ್ರೆ ಸುಳ್ಳಾಗುತ್ತೆ. ನೀನೇ ಹೇಳ್ತೀಯೇನೋ ಅಂತ ಕಾದೆ."

"ತಪ್ಪಾಯ್ತು ಅತ್ತಿಗೆ."

ಅವರು ತುಂಬ ಹೊತ್ತು ಏನೂ ಅನ್ನಲಿಲ್ಲ. ಕೊಳ್ಳಿಯನ್ನು ಒಳಗೆ ತಳ್ಳಿದರು. ಆಮೇಲೆ, "ನೀರು ಕಾದಿದೆ. ಕಾಫಿ ಮಾಡು. ಬೆಲ್ಲ ಜಾಸ್ತಿ ಹಾಕ್ಬೇಡ" ಅಂದರು.

ಬೆಲ್ಲದ ಕಾಫಿ ಮಾಡಿ ಕೊಟ್ಟೆ. ಅತ್ತಿಗೆ ಲೋಟವನ್ನು ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು, ಒಮ್ಮೆ ಚೆನ್ನಾಗಿ ಮೂಸಿದರು. ಆಮೇಲೆ ನನ್ನ ಮುಖ ನೋಡಿದರು. ನೋಡಿ ನಕ್ಕರು! ನನಗೆ ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಮುದುಕಿಯರಿಬ್ಬರೂ ನಕ್ಕ ಸದ್ದಿಗೆ ಹುಡುಗಿ ಎದ್ದು ಬಂದು, "ಏನಾಯ್ತು?" ಎಂದು ಕೇಳಿದಳು.

ಹೇಳಿದೆವು, ಎಲ್ಲವನ್ನೂ. ಚಿಲಕದ ವಿಚಾರ ಬಂದಾಗ ಹುಡುಗಿ ನನ್ನನ್ನು ನೋಡಿದ ನೋಟವನ್ನು ಮರೆಯಲಾರೆ. ಅದು ನನಗೆ ಸಲ್ಲಬೇಕಾದದ್ದೇ. ಮರುದಿನ ಅವಳೇ ಸ್ಕ್ರೂಡ್ರೈವರ್ ತಂದು ಆ ಚಿಲಕವನ್ನು ಬಿಚ್ಚಿದಳು.

* * *

ನನ್ನ ಮಾತು ಇಷ್ಟೇ. ಇಪ್ಪತ್ತರಲ್ಲಿ ನಾನು ತೆರೆಯ ಮೇಲಿನ ಕಾವೇರಿಗಾಗಿ ಅತ್ತೆ, ಮನೆಯೊಳಗಿನ ಕಾವೇರಿಯನ್ನು ಕೂಡಿಹಾಕಿದೆ. ಎರಡೂ ಒಂದೇ ಎಂದು ಕಾಣಲು ವಯಸ್ಸಾಗಬೇಕಾಯಿತು. ಕಂಡದ್ದನ್ನು ಬಾಯಿಬಿಟ್ಟು ಹೇಳಲು ಇನ್ನೂ ವಯಸ್ಸಾಗಬೇಕಾಯಿತು. ಯೌವನದಲ್ಲಿ ಎಲ್ಲವೂ ಇತ್ತು. ಜನ ಏನಂದಾರು ಎಂಬ ಭಯವೂ ಇತ್ತು. ಮುಪ್ಪು ನನ್ನಿಂದ ಹಲ್ಲು ತೆಗೆದುಕೊಂಡಿತು, ಆ ಭಯವನ್ನೂ ತೆಗೆದುಕೊಂಡು ಹೋಯಿತು. ಲೆಕ್ಕ ಹಾಕಿದರೆ ಲಾಭ ನನಗೇ.

ಒಂದು ವಿಚಾರ ಮನಸ್ಸನ್ನು ಕಲಕುತ್ತದೆ. 'ಶರಪಂಜರ'ದ ಕಥೆ ಬರೆದ ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ನಾಲ್ಕು; ತಮ್ಮ ಕಾವೇರಿಯನ್ನು ತೆರೆಯ ಮೇಲೆ ನೋಡಲೂ ಇಲ್ಲ. ಕಲ್ಪನಾ 1979ರಲ್ಲಿ ಹೋದರು, ಮೂವತ್ತೈದಕ್ಕೆ. ಪುಟ್ಟಣ್ಣನವರು 1985ರಲ್ಲಿ, ಐವತ್ತೊಂದಕ್ಕೆ. ನಮ್ಮಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿ ಅಳಿಸಿದ ಆ ಮೂವರಲ್ಲಿ ಒಬ್ಬರೂ ಅರವತ್ತು ಕಾಣಲಿಲ್ಲ. ಕಲ್ಪನಾ ಅಜ್ಜಿಯ ಪಾತ್ರ ಮಾಡಿದ್ದರೆ ಹೇಗಿರುತ್ತಿತ್ತು? ನೆನೆದುಕೊಂಡಾಗಲೆಲ್ಲ ನನ್ನ ನರೆಗೂದಲು ನನಗೆ ಸಿಕ್ಕ ಬಳುವಳಿ ಅನ್ನಿಸುತ್ತದೆ.

ತ್ರಿವೇಣಿಯವರದೇ ಇನ್ನೊಂದು ಕಾದಂಬರಿ 'ಹಣ್ಣೆಲೆ ಚಿಗುರಿದಾಗ'. 1968ರಲ್ಲಿ ಚಿತ್ರವಾಯಿತು. 1896ರಲ್ಲಿ ಹುಟ್ಟಿದ ಆರ್. ನಾಗೇಂದ್ರರಾಯರು ಎಪ್ಪತ್ತು ದಾಟಿದ ಮೇಲೆ ಅದರಲ್ಲಿ ಹಿರಿಯರ ಪಾತ್ರ ಮಾಡಿದರು. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದಂತೆ. ಹಣ್ಣೆಲೆಯೂ ಚಿಗುರಬಹುದು ಎಂದು ಮೂವತ್ತೈದು ತುಂಬದ ಹೆಂಗಸಿಗೆ ಹೇಗೆ ತಿಳಿಯಿತೋ! ನಮ್ಮ ರಾಜ್‌ಕುಮಾರ್ ಅವರನ್ನೇ ನೋಡಿ. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆಯೇ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದು, ನಲವತ್ತೈದರಲ್ಲಿ. 1992ರ 'ಜೀವನ ಚೈತ್ರ'ಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನಟನೆಗಲ್ಲ, ಗಾಯನಕ್ಕೆ. ಆಗ ಅರವತ್ಮೂರು!

ನಾವಿರುವ ಕೊಡಗೂ ಹಿರಿಯರಿಗೆ ಒಳ್ಳೆಯ ಊರು. ಕೊಡವರ ಮದುವೆಗೆ ಹೋದರೆ ಕಿರಿಯರು ಸಾಲಾಗಿ ಬಂದು ಮೂರು ಮೂರು ಸಲ ಕಾಲು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊಮ್ಮಕ್ಕಳ ಜೊತೆ ಅಜ್ಜಿಯರೂ ಸ್ಟಿಕ್ಕು ಹಿಡಿದು ಇಳಿಯುತ್ತಾರೆ. ಮೊನ್ನೆ ಒಂದು ಮದುವೆಯಲ್ಲಿ ಮದುಮಗಳು ಬಗ್ಗಿ ಅತ್ತಿಗೆಯ ಕಾಲು ಮುಟ್ಟಿದಳು. ಒಂದು ಕಾಲದಲ್ಲಿ ಅಂಥ ಚಪ್ಪರಕ್ಕೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ನಾನು ಪಕ್ಕದಲ್ಲೇ ನಿಂತು ನೋಡಿದೆ.

ಈಗ ಸಂಜೆಯಾದರೆ ಇಬ್ಬರೂ ಇಲ್ಲಿನ ರಾಮಕೃಷ್ಣ ಶಾರದಾಶ್ರಮದ ಆರತಿಗೆ ನಿಧಾನವಾಗಿ ನಡೆದು ಹೋಗುತ್ತೇವೆ. ಆಶ್ರಮ 1927ರದು, ಅಂದರೆ ನಮಗಿಂತಲೂ ಹಿರಿಯದು! ಹಿತ್ತಿಲ ನಾಲ್ಕು ಕಿತ್ತಳೆಯಲ್ಲಿ ಮೂರು ಎಂದೋ ರೋಗ ಬಿದ್ದು ಹೋದವು. ಉಳಿದ ಒಂದರಲ್ಲಿ ಈ ವರ್ಷ ಹನ್ನೊಂದು ಹಣ್ಣು. ಅತ್ತಿಗೆ ಹಂಚಿದ್ದು ಹೀಗೆ: ಮೊಮ್ಮಗಳಿಗೆ ಆರು, ಅವರಿಗೆ ಮೂರು, ನನಗೆ ಎರಡು.

"ಇದ್ಯಾಕೆ ಅತ್ತಿಗೆ ನನಗೆ ಒಂದು ಕಡಿಮೆ?" ಅಂದೆ.

"ಚಿಲಕ ಹಾಕಿದ್ದಕ್ಕೆ" ಅಂದರು.